ಏರಿತು, ಏರಿದೆ, ಏರುತ್ತಾ ಬಂದಿದೆ: ಬದಲಾವಣೆ ಬರೆಯಲು ಇಂಗ್ಲಿಷಿನ ಯಾವ ಟೆನ್ಸ್?

‘ನಿನ್ನೆ ಕಾಫಿ ರೇಟು ಏರಿದೆ’ ಎಂದರೆ ಮೂಡಿಗೆರೆಯಲ್ಲಾಗಲಿ ಸಕಲೇಶಪುರದಲ್ಲಾಗಲಿ ಯಾರೂ ತಪ್ಪು ಹಿಡಿಯುವುದಿಲ್ಲ. ಅದನ್ನೇ ‘ಕಾಫಿ ಪ್ರೈಸಸ್ ಹ್ಯಾವ್ ರಿಸನ್ ಯೆಸ್ಟರ್‌ಡೇ’ ಎಂದು ಬರೆದರೆ ತಪ್ಪು. ಕನ್ನಡದ ‘ಏರಿದೆ’ ನಿನ್ನೆ, ಮೊನ್ನೆ, ಹೋದ ವರ್ಷ ಎಲ್ಲದರ ಜೊತೆಗೂ ಹೊಂದಿಕೊಂಡು ಹೋಗುತ್ತದೆ. ಇಂಗ್ಲಿಷಿನ ‘ಹ್ಯಾಸ್’, ‘ಹ್ಯಾವ್’ ಹಾಗಲ್ಲ. ಮುಗಿದುಹೋದ ಕಾಲದ ಹೆಸರು ಪಕ್ಕದಲ್ಲಿದ್ದರೆ ಅವು ಬರುವಂತಿಲ್ಲ. ಬದಲಾವಣೆ ಬಗ್ಗೆ ಬರೆಯುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ. ಕನ್ನಡ ಕ್ರಿಯಾಪದದ ಬಾಲ ನೋಡಿ ಇಂಗ್ಲಿಷ್ ಟೆನ್ಸ್ ಆರಿಸುತ್ತೇವೆ; ನೋಡಬೇಕಾದ್ದು ಕಾಲ ಹೇಳುವ ಪದವನ್ನು.

ಆದ್ದರಿಂದ ವಾಕ್ಯ ಬರೆಯುವ ಮುಂಚೆ ಆ ಪದದ ಕೆಳಗೆ ಗೆರೆ ಎಳೆಯಿರಿ. ಆ ಕಾಲ ಮುಗಿದಿದೆಯೇ, ಇನ್ನೂ ನಡೆಯುತ್ತಿದೆಯೇ ಎಂದು ಕೇಳಿಕೊಳ್ಳಿ. ಯೆಸ್ಟರ್‌ಡೇ, ಲಾಸ್ಟ್ ಇಯರ್, ಟೂ ವೀಕ್ಸ್ ಅಗೋ, ಇನ್ 2011 ಇವೆಲ್ಲ ಮುಗಿದ ಕಾಲ. ಇವುಗಳ ಜೊತೆ ಸಿಂಪಲ್ ಪಾಸ್ಟ್, ಅಂದರೆ ‘ರೋಸ್’, ‘ಫೆಲ್’ ಥರದ ರೂಪ ಬರಬೇಕು. ಜನಗಣತಿಯ ಅಂಕಿಗಳನ್ನೇ ತೆಗೆದುಕೊಳ್ಳಿ. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 11,40,905 ಇದ್ದದ್ದು 2011ರಲ್ಲಿ 11,37,961ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಹಾಸನ ಜಿಲ್ಲೆಯದು 17,21,669ರಿಂದ 17,76,421ಕ್ಕೆ ಏರಿತು. ಎರಡೂ ತುದಿಗಳು ಹಿಂದೆ ಬಿದ್ದಿವೆ. ಹಾಗಾಗಿ ‘ಬಿಟ್ವೀನ್ 2001 ಅಂಡ್ 2011, ದಿ ಪಾಪ್ಯುಲೇಶನ್ ಆಫ್ ಚಿಕ್ಕಮಗಳೂರು ಫೆಲ್ ಸ್ಲೈಟ್ಲಿ, ವೈಲ್ ದಟ್ ಆಫ್ ಹಾಸನ ರೋಸ್’. ಇಲ್ಲಿ ‘ಹ್ಯಾಸ್ ಫಾಲನ್’ ಬರೆದರೆ ತಪ್ಪು.

ಸಿನ್ಸ್ 2011, ಸೋ ಫಾರ್, ಇನ್ ರೀಸೆಂಟ್ ಇಯರ್ಸ್, ದಿಸ್ ಸೀಸನ್ ಇವುಗಳಲ್ಲಿ ಕಾಲ ಇಂದಿನವರೆಗೂ ಬರುತ್ತದೆ. ಇಲ್ಲಿ ಪ್ರೆಸೆಂಟ್ ಪರ್ಫೆಕ್ಟ್, ಅಂದರೆ ‘ಹ್ಯಾಸ್’, ‘ಹ್ಯಾವ್’ ಸೇರಿದ ರೂಪ ಬೇಕು. ಬಹಳ ಜನ ಎಡವುವುದು ಒಂದು ಜೋಡಿಯಲ್ಲಿ: ‘ಲಾಸ್ಟ್ ಇಯರ್’ ಎಂದರೆ ಡಿಸೆಂಬರ್ 31ಕ್ಕೆ ಮುಗಿದ ಹೋದ ವರ್ಷ, ‘ಓವರ್ ದಿ ಲಾಸ್ಟ್ ಇಯರ್’ ಎಂದರೆ ಇವತ್ತಿನಿಂದ ಹಿಂದಕ್ಕೆ ಹನ್ನೆರಡು ತಿಂಗಳು. ಮೊದಲನೆಯದಕ್ಕೆ ‘ರೋಸ್’, ಎರಡನೆಯದಕ್ಕೆ ‘ಹ್ಯಾಸ್ ರಿಸನ್’. ಒಂದು ‘ದಿ’ ಸೇರಿದ್ದಕ್ಕೆ ಕ್ರಿಯಾಪದವೇ ಬದಲಾಗುತ್ತದೆ.

‘ಜನವರಿಯಿಂದ ರೇಟು ಏರುತ್ತಿದೆ’ ಎಂಬುದನ್ನು ಹಾಗೆಯೇ ಎತ್ತಿಟ್ಟು ‘ಈಸ್ ರೈಸಿಂಗ್ ಸಿನ್ಸ್ ಜಾನ್ಯುವರಿ’ ಎಂದು ಬರೆಯುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ತಪ್ಪು ಎಂದೇ ಅನ್ನಿಸುವುದಿಲ್ಲ. ‘ಸಿನ್ಸ್’ ಬಂತೆಂದರೆ ‘ಹ್ಯಾಸ್ ಬೀನ್ ರೈಸಿಂಗ್’ ಎನ್ನಬೇಕು. ಬರೀ ‘ಈಸ್ ರೈಸಿಂಗ್’ ಇರುವುದು ಈಗಿನ ಹೊತ್ತಿಗೆ: ‘ಪ್ರೈಸಸ್ ಆರ್ ರೈಸಿಂಗ್ ದೀಸ್ ಡೇಸ್’. ಇನ್ನು ‘ಹ್ಯಾಸ್ ರಿಸನ್’, ‘ಹ್ಯಾಸ್ ಬೀನ್ ರೈಸಿಂಗ್’ ಇವೆರಡರಲ್ಲಿ ಯಾವುದು? ಎಷ್ಟು ಏರಿತು ಎಂಬ ಲೆಕ್ಕ ಕೊಡುವುದಾದರೆ ಮೊದಲನೆಯದು: ‘ಹ್ಯಾಸ್ ರಿಸನ್ ಬೈ 500 ರುಪೀಸ್ ಎ ಬ್ಯಾಗ್ ಸಿನ್ಸ್ ಜಾನ್ಯುವರಿ’. ಏರುತ್ತಲೇ ಇದೆ ಎಂಬುದಷ್ಟೇ ಮುಖ್ಯವಾದರೆ ಎರಡನೆಯದು. ‘ಬೈ’ ಎಂದರೆ ವ್ಯತ್ಯಾಸ, ‘ಟು’ ಎಂದರೆ ಮುಟ್ಟಿದ ಮಟ್ಟ. ಮೂಟೆಗೆ 500 ರೂಪಾಯಿ ಏರುವುದಕ್ಕೂ 500 ರೂಪಾಯಿಗೆ ಏರುವುದಕ್ಕೂ ಅಜಗಜಾಂತರ.

‘ಹ್ಯಾಡ್’ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ‘ಹೋದ ವಾರ ಮೆಣಸಿನ ರೇಟು ಇಳಿದಿತ್ತು’ ಎಂಬ ಮಾತನ್ನು ‘ಲಾಸ್ಟ್ ವೀಕ್ ದಿ ಪೆಪ್ಪರ್ ಪ್ರೈಸ್ ಹ್ಯಾಡ್ ಫಾಲನ್’ ಎಂದು ಬರೆದರೆ ಓದಿದವರು ‘ಯಾವುದಕ್ಕೆ ಮುಂಚೆ?’ ಎಂದು ಕಾಯುತ್ತಾರೆ. ನೀವು ಮುಂದೆ ಏನೂ ಹೇಳಿರುವುದಿಲ್ಲ. ‘ಹ್ಯಾಡ್’ ಬೇಕಾದರೆ ಹಿಂದಿನ ಕಾಲದಲ್ಲಿ ಎರಡು ಬಿಂದು ಇರಬೇಕು, ಹೇಳುವ ಬದಲಾವಣೆ ಮೊದಲನೆಯದಕ್ಕೆ ಸೇರಬೇಕು: ‘ಬೈ ದಿ ಟೈಮ್ ವಿ ಸೋಲ್ಡ್, ದಿ ಪ್ರೈಸ್ ಹ್ಯಾಡ್ ಫಾಲನ್’. ನಾವು ಮಾರುವಷ್ಟರಲ್ಲಿ ರೇಟು ಬಿದ್ದಾಗಿತ್ತು. ‘ಬೈ 2011’ ಎಂದರೂ ಸರಿ. 2011 ಎರಡನೇ ಬಿಂದುವಾಗಿ ನಿಲ್ಲುತ್ತದೆ. ಒಂದೇ ಬಿಂದು ಇದ್ದರೆ ‘ಫೆಲ್’ ಸಾಕು.

ಹಿಂದಿನ ರೂಢಿಯನ್ನು ಹೇಳುವಾಗ ಇನ್ನೊಂದು ತೊಡಕು. ‘ಹಾಸನದ ಕಡೆ ಮೊದಲು ತುಂಬ ಆಲೂಗಡ್ಡೆ ಬೆಳೆಯುತ್ತಿದ್ದರು’ ಎಂಬುದಕ್ಕೆ ‘ವರ್ ಗ್ರೋಯಿಂಗ್’ ಹಾಕಿದರೆ ಯಾವುದೋ ಒಂದು ಗಳಿಗೆಯಲ್ಲಿ ಬೆಳೆಯುತ್ತಾ ಇದ್ದರು ಎಂಬ ಅರ್ಥ ಬರುತ್ತದೆ. ಬೇಕಾದ್ದು ‘ಯೂಸ್ಡ್ ಟು ಗ್ರೋ’. ಅಂಗಮಾರಿ ರೋಗ ಬಂದು ಬೆಳೆ ಕಡಿಮೆಯಾದದ್ದನ್ನು ಸೇರಿಸುವುದಾದರೆ: ‘ಫಾರ್ಮರ್ಸ್ ಯೂಸ್ಡ್ ಟು ಗ್ರೋ ಮೋರ್ ಪೊಟೇಟೋ ಹಿಯರ್, ಬಟ್ ದಿ ಏರಿಯಾ ಹ್ಯಾಸ್ ಶ್ರಂಕ್’. ಎಷ್ಟು ವರ್ಷ ಎಂದು ಹೇಳಿಬಿಟ್ಟರೆ ಮಾತ್ರ ‘ಯೂಸ್ಡ್ ಟು’ ಬೇಡ. ‘ದೇ ಗ್ರೂ ಇಟ್ ಫಾರ್ ಟೆನ್ ಇಯರ್ಸ್’ ಎನ್ನಿ. ಒಂದೇ ಸಂಗತಿ ಹೇಗೆ ಬೇರೆ ಬೇರೆ ಟೆನ್ಸ್‌ಗೆ ಹೋಗುತ್ತದೆ ಎನ್ನುವುದಕ್ಕೆ ರೈಲು ಒಳ್ಳೆ ಉದಾಹರಣೆ. 2017ಕ್ಕೆ ಮುಂಚೆ ಹಾಸನದಿಂದ ಬೆಂಗಳೂರಿಗೆ ರೈಲು ಅರಸೀಕೆರೆ ಸುತ್ತಿಕೊಂಡು ಹೋಗುತ್ತಿತ್ತು, ‘ಯೂಸ್ಡ್ ಟು ಗೋ ವಯಾ ಅರಸೀಕೆರೆ’. ಶ್ರವಣಬೆಳಗೊಳದ ಮೇಲಿನ ನೇರ ಮಾರ್ಗ ‘ಓಪನ್ಡ್ ಇನ್ 2017’. ಅಲ್ಲಿಂದ ಈಚೆಗೆ ದಾರಿ ಹತ್ತಿರವಾಗಿದೆ, ‘ದಿ ರೂಟ್ ಹ್ಯಾಸ್ ಬಿಕಮ್ ಶಾರ್ಟರ್’.

ಮುಂದಿನ ಕಾಲದಲ್ಲಿ ಕನ್ನಡದ ‘ತುಂಬುತ್ತದೆ’ ಎರಡು ಕೆಲಸ ಮಾಡುತ್ತದೆ. ಗೊರೂರಿನ ಹೇಮಾವತಿ ಜಲಾಶಯ ಮಳೆಗಾಲದಲ್ಲಿ ತುಂಬುತ್ತದೆ ಎಂಬುದು ರೂಢಿಯ ಮಾತಾದರೆ ‘ಫಿಲ್ಸ್’, ಈ ಸಲ ಆಗಸ್ಟ್ ಒಳಗೆ ತುಂಬುತ್ತದೆ ಎಂಬ ಅಂದಾಜಾದರೆ ‘ವಿಲ್ ಫಿಲ್’. ಒಳಹರಿವು ಕಣ್ಣೆದುರಿಗೇ ಏರುತ್ತಿದ್ದರೆ ‘ಈಸ್ ಗೋಯಿಂಗ್ ಟು ಫಿಲ್’. ‘ಇಫ್’ ಇರುವ ಭಾಗದಲ್ಲಿ ‘ವಿಲ್’ ಬೇಡ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಸರಿಯಾಗಿ ಬಿದ್ದರೆ ಫಸಲು ಹೆಚ್ಚುತ್ತದೆ ಎಂಬುದಕ್ಕೆ ‘ಇಫ್ ದಿ ಬ್ಲಾಸಮ್ ಶವರ್ಸ್ ಕಮ್ ಆನ್ ಟೈಮ್, ದಿ ಕ್ರಾಪ್ ವಿಲ್ ಇನ್‌ಕ್ರೀಸ್’.

ಈಗ ತೋಟದ ರೈಟರು (ಗುಮಾಸ್ತರು) ರೋಬಸ್ಟಾ ಕಾಫಿಯ ರೇಟಿನ ಬಗ್ಗೆ ಸಾಹುಕಾರರಿಗೆ ಕಳಿಸುವಂಥ ಒಂದು ವರದಿ ತಿದ್ದೋಣ:

‘ರೋಬಸ್ಟಾ ಪ್ರೈಸ್ ಈಸ್ ಇನ್‌ಕ್ರೀಸಿಂಗ್ ಸಿನ್ಸ್ ಜಾನ್ಯುವರಿ. ಲಾಸ್ಟ್ ಮಂಡೇ ಇಟ್ ಹ್ಯಾಡ್ ಡ್ರಾಪ್ಡ್. ನೌ ಇಟ್ ವಾಸ್ ಇನ್‌ಕ್ರೀಸ್ಡ್ ಅಗೇನ್.’

ಮೊದಲ ವಾಕ್ಯದಲ್ಲಿ ‘ಸಿನ್ಸ್’ ಇದೆ: ‘ಹ್ಯಾಸ್ ಬೀನ್ ಇನ್‌ಕ್ರೀಸಿಂಗ್’. ಎರಡನೆಯದರಲ್ಲಿ ಸೋಮವಾರ ಮುಗಿದಿದೆ, ಇನ್ನೊಂದು ಬಿಂದುವಿಲ್ಲ: ‘ಇಟ್ ಡ್ರಾಪ್ಡ್’. ಮೂರನೆಯದರಲ್ಲಿ ತಪ್ಪು ಎರಡು. ‘ನೌ’ ಜೊತೆ ‘ವಾಸ್’ ಕೂರುವುದಿಲ್ಲ. ಮತ್ತೆ ರೇಟು ತಾನೇ ಏರಿದ್ದರಿಂದ ಪ್ಯಾಸಿವ್ (ಕರ್ಮಣಿ ಪ್ರಯೋಗ) ಬೇಕಿಲ್ಲ. ‘ನೌ ಇಟ್ ಈಸ್ ಇನ್‌ಕ್ರೀಸಿಂಗ್ ಅಗೇನ್’. ಯಾರೋ ಏರಿಸಿದ್ದಾದರೆ ‘ರೇಸ್ಡ್’: ‘ದಿ ಟ್ರೇಡರ್ ರೇಸ್ಡ್ ದಿ ಪ್ರೈಸ್’. ತಾನಾಗಿ ಏರಿದರೆ ರೈಸ್, ರೋಸ್, ರಿಸನ್. ‘ರೈಸ್ಡ್’ ಎಂಬ ಪದವೇ ಇಲ್ಲ.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಕಾಡೆಮಿಕ್ ವಿಭಾಗ ಬರೆಯುವವರಿಗೆ ಇದೆಲ್ಲ ಬರವಣಿಗೆಯ ಮೊದಲ ಟಾಸ್ಕಿನಲ್ಲೇ ಬೇಕಾಗುತ್ತದೆ. ಗ್ರಾಫ್, ಚಾರ್ಟ್, ನಕ್ಷೆ ಥರದ್ದನ್ನು ವಿವರಿಸುವ ಆ ಟಾಸ್ಕಿಗೆ ಕನಿಷ್ಠ 150 ಪದ ಬರೆಯಬೇಕು, ಸುಮಾರು 20 ನಿಮಿಷ ಇಟ್ಟುಕೊಳ್ಳಬೇಕು. ಪೆನ್ನು ಎತ್ತುವ ಮುಂಚೆ ಗ್ರಾಫಿನ ಕೆಳಗಿನ ವರ್ಷಗಳನ್ನು ನೋಡಿ. ಎಲ್ಲವೂ ಕಳೆದ ವರ್ಷಗಳಾದರೆ ಕೊನೆಯವರೆಗೂ ಸಿಂಪಲ್ ಪಾಸ್ಟ್ ಬಿಡಬೇಡಿ. ನಡುವೆ ಬೇಸರವಾಗಿ ‘ಹ್ಯಾಸ್’ಗೆ ಹಾರುವವರೇ ಜಾಸ್ತಿ. ಮುಂದಿನ ವರ್ಷಗಳ ಗೆರೆ ಇದ್ದರೆ ‘ಈಸ್ ಪ್ರೊಜೆಕ್ಟೆಡ್ ಟು ರೈಸ್’. ವರ್ಷವೇ ಇಲ್ಲದ ಚಾರ್ಟಿಗೆ ‘ಫಿಲ್ಸ್’ ಥರದ ಸಿಂಪಲ್ ಪ್ರೆಸೆಂಟ್. ಊರಿನ ಹಳೇ ನಕ್ಷೆ, ಈಗಿನ ನಕ್ಷೆ ಪಕ್ಕಪಕ್ಕ ಕೊಟ್ಟರೆ ‘ದಿ ಫೀಲ್ಡ್ಸ್ ಹ್ಯಾವ್ ಬೀನ್ ಟರ್ನ್ಡ್ ಇನ್‌ಟು ಎ ಲೇಔಟ್’. ಎರಡೂ ಹಳೆಯವಾದರೆ ‘ವರ್ ಟರ್ನ್ಡ್’.

ಮೊಬೈಲಿನ ಗ್ರಾಮರ್ ಆಪ್‌ಗಳು ‘ಈಸ್ ರೈಸಿಂಗ್ ಸಿನ್ಸ್’ ಎಂಬಂಥದ್ದನ್ನು ಸಾಮಾನ್ಯವಾಗಿ ಹಿಡಿದುಕೊಡುತ್ತವೆ. ಬೇಡದ ‘ಹ್ಯಾಡ್’ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ಬಿಡಿ ವಾಕ್ಯವಾಗಿ ಅದರ ವ್ಯಾಕರಣ ಸರಿಯಿರುತ್ತದೆ. ಎರಡನೇ ಬಿಂದು ಇದೆಯೋ ಇಲ್ಲವೋ ಎಂಬುದು ಬರೆದವರಿಗೇ ಗೊತ್ತು. ಹಾಗಾಗಿ ಬರೆದಾದ ಮೇಲೆ ‘ಹ್ಯಾಡ್’ಗಳನ್ನು ಮಾತ್ರ ಕೈಯಾರೆ ಹುಡುಕಿ, ಒಂದೊಂದರ ಪಕ್ಕದಲ್ಲೂ ‘ಯಾವುದಕ್ಕೆ ಮುಂಚೆ?’ ಎಂದು ಕೇಳಿ. ಉತ್ತರ ಸಿಗದಿದ್ದರೆ ಅದನ್ನು ತೆಗೆದು ಸಿಂಪಲ್ ಪಾಸ್ಟ್ ಹಾಕಿ.