ವಾಕಮಾ ನದಿಯಲ್ಲಿ ಸಂಸಾರ ಸಮೇತ ತಂಗುವುದಾದರೆ

ನಾರ್ಫೋಕ್‌ನಿಂದ ಮಯಾಮಿಯತ್ತ ಅಮೆರಿಕದ ಪೂರ್ವ ಕರಾವಳಿಗುಂಟ ಸಾಗುವ ಒಳನಾಡು ಜಲಮಾರ್ಗದಲ್ಲಿ ದೋಣಿ ಹತ್ತಿದವರು ದಕ್ಷಿಣ ಕೆರೊಲಿನಾದ ವಾಕಮಾ ನದಿಯಲ್ಲಿ ಒಂದು ರಾತ್ರಿ ತಂಗಲೇಬೇಕು ಎನ್ನುತ್ತೇನೆ. ಕತ್ತಲಾಗುವ ಮೊದಲೇ ಮುಖ್ಯ ದಾರಿ ಬಿಟ್ಟು ಅಗಲವಾದ ಕವಲಿಗೆ ಸರಿಯಿರಿ. ನೀರಿನ ಆಳಕ್ಕೆ ಉಬ್ಬರದ ಏರಿಕೆಯನ್ನೂ ದೋಣಿಯ ಮೂತಿಯ ಎತ್ತರವನ್ನೂ ಕೂಡಿಸಿ, ಅದರ 7 ಪಟ್ಟು ಲಂಗರಿನ ಹಗ್ಗ ಬಿಡಿ. ಉಬ್ಬರವಿಳಿತಕ್ಕೆ ಇಲ್ಲಿ ಹರಿವಿನ ದಿಕ್ಕೇ ತಿರುಗುತ್ತದೆ, ಜೊತೆಗೆ ದೋಣಿಯೂ. ದಡದ ಸೈಪ್ರೆಸ್ ಮರಗಳ ಬೇರುಗಳಿಂದ, ದೋಣಿ ತಿರುಗಿದರೂ ತಾಗದಷ್ಟು ಅಂತರವಿರಲಿ.

ಎಂಜಿನ್ ನಿಧಾನವಾಗಿ ಹಿಂದಕ್ಕೆ ಓಡಿಸಿ, ಬಿಗಿದ ಹಗ್ಗದ ಮೇಲೆ ಅಂಗೈಯನ್ನು ಹಗುರವಾಗಿ ಇಟ್ಟು ನೋಡಿ. ಲಂಗರು ಜಾರುತ್ತಿದ್ದರೆ ಹಗ್ಗ ಅದುರುತ್ತದೆ, ಕಚ್ಚಿದ್ದರೆ ಸುಮ್ಮನಿರುತ್ತದೆ. ಈ ಕೆಲಸ ನಮ್ಮಲ್ಲಿ ಮಗಳದೇ. ಅವಳ ಕೈ ನನ್ನದಕ್ಕಿಂತ ಸೂಕ್ಷ್ಮ.

ನೀರಿನ ಚಹಾ ಬಣ್ಣ ಕೊಳೆಯದಲ್ಲ, ಕೊಳೆತ ಎಲೆಗಳಿಂದ ಬಿಡುವ ಟ್ಯಾನಿನ್ ಎಂಬ ಒಗರು ಅಂಶದ್ದು. ಆದರೂ ಮಕ್ಕಳನ್ನು ಈಜಲು ಬಿಡಬೇಡಿ, ಅಲಿಗೇಟರ್‌ಗಳಿವೆ. ಮಲಗುವ ಮುನ್ನ ಎಲ್ಲ ದಿಕ್ಕಿಗೂ ಕಾಣುವ ಬಿಳಿ ದೀಪ ಹಚ್ಚಿಡಿ.