ಬ್ಯಾಂಕಾಕ್‌ನಲ್ಲಿ ಒಂದು ವಾರ: ನದಿ ಮತ್ತು ರೈಲು ಹಿಡಿದು ಪ್ಲಾನ್ ಮಾಡುವುದು ಹೇಗೆ?

ಬ್ಯಾಂಕಾಕ್‌ಗೆ ಎರಡು ದಿನ ಸಾಕು, ಉಳಿದದ್ದು ಪಟ್ಟಾಯಕ್ಕೆ ಇಡಿ ಅಂತ ಪ್ಯಾಕೇಜ್ ಟೂರಿನವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡು ದಿನದಲ್ಲಿ ನೀವು ನೋಡುವುದು ಬಸ್ಸಿನ ಕಿಟಕಿ ಮತ್ತು ಟ್ರಾಫಿಕ್ ಅಷ್ಟೇ. ಈ ಊರಿಗೆ ಒಂದು ಪೂರ್ತಿ ವಾರ ಕೊಡಬೇಕು. ಆದರೆ ನೋಡುವ ಜಾಗಗಳ ಪಟ್ಟಿ ಹಿಡಿದು ಪ್ಲಾನ್ ಮಾಡಬೇಡಿ. ಚಾವೊ ಪ್ರಾಯಾ ನದಿಯ ದೋಣಿ ಮತ್ತು ನಗರದ ರೈಲು, ಇವೆರಡನ್ನೂ ಹಿಡಿದು ಪ್ಲಾನ್ ಮಾಡಿ. ದಿನಕ್ಕೆ ಒಂದೇ ಭಾಗ. ಅಷ್ಟು ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಮೊದಲು ತಿಂಗಳು, ಆಮೇಲೆ ವಾರ

ನವೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ. ಏಪ್ರಿಲ್ ಅತಿ ಸೆಕೆಯ ತಿಂಗಳು. ಮಕ್ಕಳ ರಜೆ ಅಂತ ಆಗಲೇ ಹೊರಡುವವರು ಏಪ್ರಿಲ್ 13ರಿಂದ 15ರವರೆಗೆ ಸೋಂಕ್ರಾನ್ ಹಬ್ಬ ಇರುತ್ತದೆ ಎಂಬುದನ್ನು ನೆನಪಿಡಿ. ಬೀದಿಯಲ್ಲಿ ನೀರೆರಚಾಟ ಜೋರು, ಫೋನು, ಪಾಸ್‌ಪೋರ್ಟ್ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಬೆಂಗಳೂರಿನಿಂದ ನೇರ ವಿಮಾನವಿದೆ, ಸುಮಾರು ನಾಲ್ಕು ಗಂಟೆಯ ದಾರಿ. ವೀಸಾ ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ಕೊಳ್ಳುವ ಮೊದಲೇ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳಲ್ಲಿ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಗುರುವಾರ ಇಳಿದು ಮುಂದಿನ ಬುಧವಾರ ಹೊರಡುವುದು ನನ್ನ ಆಯ್ಕೆ. ಚತುಚಾಕ್ ಸಂತೆಯ ಕಳೆ ಇರುವುದು ಶನಿವಾರ, ಭಾನುವಾರ. ಊರೊಳಗಿನ ತೇಲುವ ಸಂತೆಗಳೂ ವಾರಾಂತ್ಯದಲ್ಲೇ. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೋಮವಾರ, ಮಂಗಳವಾರ ರಜೆ. ಈ ಮೂರನ್ನು ಮೊದಲು ಕ್ಯಾಲೆಂಡರಿನಲ್ಲಿ ಕೂರಿಸಿ, ಉಳಿದದ್ದು ತಾನಾಗೇ ಹೊಂದಿಕೊಳ್ಳುತ್ತದೆ.

ಎಲ್ಲಿ ಉಳಿಯಬೇಕು

ಇಡೀ ಪ್ಲಾನಿನಲ್ಲಿ ದೊಡ್ಡ ತೀರ್ಮಾನ ಇದೇ. ಹೋಟೆಲಿನ ಫೋಟೊಗಿಂತ ಸ್ಟೇಷನ್ ಎಷ್ಟು ಹತ್ತಿರ ಅಂತ ನೋಡಿ. ಬಿಟಿಎಸ್ ಅಂದರೆ ಮೇಲ್ಸೇತುವೆ ರೈಲು, ಎಂಆರ್‌ಟಿ ಅಂದರೆ ಮೆಟ್ರೊ. ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಸಾಫಾನ್ ತಕ್ಸಿನ್ ಸುತ್ತಮುತ್ತ ರೂಮ್ ಸಿಕ್ಕರೆ ಬಿಡಬೇಡಿ, ಬಿಟಿಎಸ್ ಸ್ಟೇಷನ್ ಕೆಳಗೇ ಸಾಥೋರ್ನ್ ದೋಣಿಕಟ್ಟೆ ಇದೆ. ಅಸೋಕ್ ಬಳಿ ಬಿಟಿಎಸ್, ಎಂಆರ್‌ಟಿ ಎರಡೂ ಕೂಡುತ್ತವೆ, ಭಾರತೀಯ ಹೋಟೆಲುಗಳೂ ಹತ್ತಿರ. ಕಾವ್ ಸಾನ್ ರಸ್ತೆಯಲ್ಲಿ ರೂಮು ಅಗ್ಗ, ಆದರೆ ರೈಲು ದೂರ. ಉಳಿಸಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ.

ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಏರ್‌ಪೋರ್ಟ್ ರೈಲು ಹತ್ತಿ ಫಾಯಾ ಥಾಯ್‌ನಲ್ಲಿ ಇಳಿದರೆ ಬಿಟಿಎಸ್ ಸಿಗುತ್ತದೆ. ಗುರುವಾರ ಬೇರೇನೂ ಇಟ್ಟುಕೊಳ್ಳಬೇಡಿ. ಸ್ನಾನ, ನಿದ್ದೆ, ಸಂಜೆ ಲುಂಪಿನಿ ಪಾರ್ಕಿನಲ್ಲಿ ಒಂದು ಸುತ್ತು. ಕೆರೆ ದಡದಲ್ಲಿ ಆಳುದ್ದದ ಉಡಗಳು ಬಿಸಿಲು ಕಾಯಿಸುತ್ತಿರುತ್ತವೆ. ಅವುಗಳ ಪಾಡಿಗೆ ಅವನ್ನು ಬಿಟ್ಟರೆ ಸಾಕು.

ಶುಕ್ರವಾರ: ಅರಮನೆ

ಬೆಳಿಗ್ಗೆ ಎಂಟಕ್ಕೆಲ್ಲ ಸಾಥೋರ್ನ್‌ನಿಂದ ದೋಣಿ ಹತ್ತಿ ಥಾ ಚಾಂಗ್‌ನಲ್ಲಿ ಇಳಿಯಿರಿ. ಹತ್ತಿರದಲ್ಲೇ ಥಾಯ್ ದೊರೆಗಳ ಅರಮನೆ, ಗ್ರ್ಯಾಂಡ್ ಪ್ಯಾಲೆಸ್. ತೆರೆಯುವುದು ಎಂಟೂವರೆಗೆ, ಟಿಕೆಟ್ 500 ಬಾತ್. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕೇ ಬೇಕು. ದಾರಿಯಲ್ಲಿ ಯಾರಾದರೂ ನಗುನಗುತ್ತಾ ಬಂದು 'ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸುತ್ತೇನೆ' ಅಂದರೆ ನಿಲ್ಲಬೇಡಿ. ಹೇಳುವವರು ತುಂಬ ಸಭ್ಯರಾಗಿರುತ್ತಾರೆ, ಅದಕ್ಕೇ ಜನ ನಂಬುತ್ತಾರೆ. ಅವರು ಹತ್ತಿಸುವ ಟುಕ್‌ಟುಕ್, ಅಂದರೆ ಅಲ್ಲಿನ ಆಟೊ, ಕೊನೆಗೆ ನಿಲ್ಲುವುದು ಹರಳಿನ ಅಂಗಡಿ ಮುಂದೆ. ಮುಚ್ಚಿದೆಯೋ ಇಲ್ಲವೋ ಅಂತ ಗೇಟಿನ ತನಕ ಹೋಗಿ ನೀವೇ ನೋಡಿ.

1782ರಲ್ಲಿ ಮೊದಲನೇ ರಾಮ ಎಂಬ ದೊರೆ ಕಟ್ಟಲು ಶುರುಮಾಡಿದ ಅರಮನೆ ಇದು. ಆವರಣದೊಳಗಿನ ದೇವಾಲಯದಲ್ಲಿ ಪಚ್ಚೆ ಬುದ್ಧನ ಮುಂದೆ ಎಲ್ಲರೂ ನಿಲ್ಲುತ್ತಾರೆ. ಸುತ್ತಿನ ಪಡಸಾಲೆಗೆ ಮಾತ್ರ ಜಾಸ್ತಿ ಜನ ಹೊರಳುವುದಿಲ್ಲ. ಅಲ್ಲಿ ಗೋಡೆಯುದ್ದಕ್ಕೂ 178 ಚಿತ್ರಭಾಗಗಳಲ್ಲಿ ರಾಮಾಯಣವಿದೆ, ಥಾಯ್ ಜನರ ರಾಮಕಿಯನ್. ಕನ್ನಡದವರಿಗೆ ಗೈಡ್ ಇಲ್ಲದೆಯೂ ಅರ್ಧ ಕಥೆ ಅರ್ಥವಾಗುತ್ತದೆ. ಹನುಮಂತ ಬಿಳಿ ಮೈಯವನು. ಅಲ್ಲಿನ ಕಥೆಯಲ್ಲಿ ಅವನು ಬ್ರಹ್ಮಚಾರಿಯೂ ಅಲ್ಲ! ಬಾಗಿಲು ಕಾಯುವ ದೈತ್ಯರ ನಡುವೆ ಹಸಿರು ಮೈಯ ರಾವಣನೂ ನಿಂತಿದ್ದಾನೆ. ಈ ಪಡಸಾಲೆಗೆ ಒಂದು ಗಂಟೆಯಾದರೂ ಕೊಡಿ.

ಅಲ್ಲಿಂದ ನಡೆದೇ ವಾಟ್ ಫೋ ದೇವಾಲಯ. ಮಲಗಿದ ಬುದ್ಧ 46 ಮೀಟರ್ ಉದ್ದ. ಮುಖ ನೋಡಿ ಹೊರಗೆ ಬಂದುಬಿಡಬೇಡಿ, ಪಾದದ ತನಕ ಹೋಗಿ. ಅಂಗಾಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆಗಳನ್ನು ಬಿಡಿಸಿದ್ದಾರೆ. ಬೆನ್ನಿನ ಕಡೆ ಸಾಲಾಗಿ 108 ಕಂಚಿನ ಬಟ್ಟಲುಗಳಿವೆ. ಚಿಲ್ಲರೆ ಕೊಂಡು ಒಂದೊಂದಕ್ಕೂ ಒಂದೊಂದು ನಾಣ್ಯ ಹಾಕುತ್ತಾ ಹೋಗಬೇಕು. ಇಡೀ ಮಂಟಪದಲ್ಲಿ ಟಣ್ ಟಣ್ ಸದ್ದು ನಿಲ್ಲುವುದೇ ಇಲ್ಲ. ಬಿಸಿಲು ಇಳಿದ ಮೇಲೆ ಥಾ ತಿಯನ್ ಕಟ್ಟೆಯಿಂದ ಹಾಯುವ ದೋಣಿ ಹತ್ತಿ ಆಚೆ ದಡದ ವಾಟ್ ಅರುಣ್ ನೋಡಿ. ಗೋಪುರದ ತುಂಬ ಪಿಂಗಾಣಿ ಚೂರುಗಳು ಮಿನುಗುತ್ತವೆ.

ಶನಿವಾರದಿಂದ ಮಂಗಳವಾರ

ಶನಿವಾರ ಚತುಚಾಕ್. ಹತ್ತು ಗಂಟೆಯೊಳಗೆ ಹೋಗಿ, ಮಧ್ಯಾಹ್ನ ಒಳಗೆ ಉಸಿರುಕಟ್ಟುವ ಸೆಕೆ. ಇಷ್ಟವಾದ ವಸ್ತು ಕಂಡಾಗಲೇ ಕೊಳ್ಳಿ, ಅದೇ ಅಂಗಡಿ ಮತ್ತೆ ಸಿಗುವುದು ಕಷ್ಟ. ಭಾನುವಾರ ತಲಿಂಗ್ ಚಾನ್ ತೇಲುವ ಸಂತೆ.

ಸೋಮವಾರ ಅಯುಥಾಯ. 1350ರಲ್ಲಿ ಕಟ್ಟಿದ ರಾಜಧಾನಿ, 1767ರಲ್ಲಿ ಬರ್ಮಾದ ಸೈನ್ಯ ಸುಟ್ಟು ಹಾಳುಮಾಡಿತು. ಹಂಪಿ ನೋಡಿದವರಿಗೆ ಆ ಮುರಿದ ಗೋಡೆಗಳ ನಡುವೆ ಹೊಟ್ಟೆ ಕಲಸಿದಂತಾಗುತ್ತದೆ. ಎಂಆರ್‌ಟಿಯಲ್ಲಿ ಬಾಂಗ್ ಸ್ಯೂಗೆ ಹೋದರೆ ಪಕ್ಕದಲ್ಲೇ ದೊಡ್ಡ ರೈಲು ನಿಲ್ದಾಣ. ಅಲ್ಲಿಂದ ಒಂದು, ಒಂದೂವರೆ ಗಂಟೆ. ಇಳಿದ ಮೇಲೆ ನದಿ ದಾಟಿ ಸೈಕಲ್ ಬಾಡಿಗೆಗೆ ಹಿಡಿಯಿರಿ. ವಾಟ್ ಮಹಾಥಾತ್‌ನಲ್ಲಿ ಮರದ ಬೇರುಗಳು ಬುದ್ಧನ ತಲೆಯನ್ನು ಅಪ್ಪಿಕೊಂಡಿವೆ. ಅಲ್ಲಿ ಫೋಟೊ ತೆಗೆಸಿಕೊಳ್ಳುವಾಗ ಕೆಳಗೆ ಕುಳಿತುಕೊಳ್ಳಿ. ಬುದ್ಧನ ತಲೆಗಿಂತ ನಮ್ಮ ತಲೆ ಮೇಲಿರಬಾರದು.

ಮಂಗಳವಾರ ಹುವಾ ಲಾಂಫೋಂಗ್ ಎಂಆರ್‌ಟಿ ಹತ್ತಿರದ ವಾಟ್ ಟ್ರೈಮಿತ್. ಅಲ್ಲಿನ ಬುದ್ಧ ಐದೂವರೆ ಟನ್ ತೂಕದ ಚಿನ್ನದ ಮೂರ್ತಿ. ಬಹಳ ಕಾಲ ಅದು ಸಾಧಾರಣ ಗಾರೆಯ ವಿಗ್ರಹ ಅಂತಲೇ ಎಲ್ಲರೂ ತಿಳಿದಿದ್ದರು. 1955ರಲ್ಲಿ ಸಾಗಿಸುವಾಗ ಗಾರೆ ಒಡೆದು ಒಳಗಿನ ಚಿನ್ನ ಕಂಡಿತು. ಸಂಜೆ ಅಲ್ಲಿಂದಲೇ ಚೈನಾಟೌನ್‌ಗೆ ನಡೆಯಿರಿ.

ಸಸ್ಯಾಹಾರಿಗಳಿಗೆ

ತರಕಾರಿ ಊಟ ಅಂದರೂ ಮೀನಿನ ಸಾಸ್ ಬಿದ್ದಿರುತ್ತದೆ. 'ಜೇ' ಅಂತ ಕೇಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದೇ ಅಂಗಡಿ. ಮಾಂಸ, ಮೊಟ್ಟೆ ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ರೊಟ್ಟಿ, ಪಲ್ಯವೇ ಬೇಕೆನಿಸಿದರೆ ಫಾಹುರಾತ್‌ಗೆ ಹೋಗಿ. ಅದು ಬ್ಯಾಂಕಾಕಿನ ಭಾರತೀಯರ ಪೇಟೆ.

ಬುಧವಾರ ಬೆಳಿಗ್ಗೆ ರಾಷ್ಟ್ರೀಯ ವಸ್ತುಸಂಗ್ರಹಾಲಯ ನೋಡಿ, ಮಧ್ಯಾಹ್ನ ಬ್ಯಾಗು ಕಟ್ಟಿ. ವಿಮಾನ ನಿಲ್ದಾಣಕ್ಕೆ ಮೂರು ಗಂಟೆ ಮೊದಲೇ ತಲುಪಿ. ಇಮಿಗ್ರೇಷನ್ ದಾಟಿದ ಮೇಲೆ ಸಮುದ್ರ ಮಥನದ ದೊಡ್ಡ ಶಿಲ್ಪವಿದೆ. ತಡವಾದವರು ಅದರ ಮುಂದೆ ಓಡಿಹೋಗುತ್ತಾರೆ. ನೀವು ಸುತ್ತ ಒಂದು ಪ್ರದಕ್ಷಿಣೆ ಹಾಕುವಷ್ಟು ಸಮಯ ಇಟ್ಟುಕೊಳ್ಳಿ.