ಆಟುನೈಟ್ ಎಂದು ಬರೆದಿದ್ದ ಚೂರನ್ನು ಆಂಡರ್ಸನೈಟ್ ಎಂದು ಗುರುತಿಸಿದ್ದು ಹೇಗೆ?

ಮೈಸೂರಿನ ನಮ್ಮ ಪ್ರಯೋಗಾಲಯದ ಖನಿಜ ಸಂಗ್ರಹದಲ್ಲಿ ಅಡಿಕೆ ಗಾತ್ರದ ಒಂದು ಮರಳುಗಲ್ಲಿನ ಚೂರಿದೆ. ಹಳೆಯ ಚೀಟಿಯಲ್ಲಿ ‘ಆಟುನೈಟ್, ಯೂಟಾ’ ಎಂದಷ್ಟೇ ಇತ್ತು. ಆಟುನೈಟ್ ಯುರೇನಿಯಂನ ಫಾಸ್ಫೇಟ್ ಖನಿಜ. ಪರೀಕ್ಷಿಸಿದಾಗ ಇದು ಯುರೇನಿಯಂನ ಕಾರ್ಬೊನೇಟ್ ಖನಿಜವಾದ ಆಂಡರ್ಸನೈಟ್ ಎಂದು ತಿಳಿಯಿತು. 365 ನ್ಯಾನೊಮೀಟರಿನ ಯುವಿ ಟಾರ್ಚ್ ಹಿಡಿದರೆ ಒಂದು ಮಗ್ಗುಲು ಬಾಳೆಯ ಎಳೆ ಸುಳಿಯ ಬಣ್ಣದಲ್ಲಿ ಹೊಳೆಯುತ್ತದೆ. ಈ ಹೊಳಪು ಯುರೇನೈಲ್ ಅಯಾನಿನದು (ಒಂದು ಯುರೇನಿಯಂ, ಎರಡು ಆಮ್ಲಜನಕ ಸೇರಿದ ವಿದ್ಯುದಾವಿಷ್ಟ ಕಣ). ಫಾಸ್ಫೇಟಿನಲ್ಲಿದ್ದರೂ ಕಾರ್ಬೊನೇಟಿನಲ್ಲಿದ್ದರೂ ಅದು ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಯುರೇನಿಯಂನ ಸುಳಿವಷ್ಟೇ ಇರುವ ಓಪಲ್ ಕೂಡ ಹಸಿರಾಗಿ ಹೊಳೆಯುತ್ತದೆ. ಆದ್ದರಿಂದ ಯುವಿ ಬೆಳಕನ್ನು ಹರಳು ಹುಡುಕುವುದಕ್ಕೆ ಮಾತ್ರ ಬಳಸಬೇಕು. ಹೆಸರು ಬರೆಯಲು ಬೇರೆ ಸಾಕ್ಷಿ ಬೇಕು.

ಆಂಡರ್ಸನೈಟಿನ ಸೂತ್ರದಲ್ಲಿ ಸೋಡಿಯಂ ಎರಡು, ಕ್ಯಾಲ್ಸಿಯಂ ಒಂದು, ಯುರೇನೈಲ್ ಒಂದು, ಕಾರ್ಬೊನೇಟ್ ಮೂರು, ನೀರು 5ರಿಂದ 6 ಅಣು. 6 ಎಂದು ಹಿಡಿದರೆ ತೂಕದಲ್ಲಿ ಯುರೇನಿಯಂ ಸುಮಾರು ಶೇ 37, ನೀರು ಸುಮಾರು ಶೇ 17. ಮೊದಲು ಸಿಕ್ಕಿದ್ದು ಅಮೆರಿಕದ ಅರಿಜೋನಾದ ಹಿಲ್‌ಸೈಡ್ ಗಣಿಯಲ್ಲಿ. ಅಮೆರಿಕದ ಭೂವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಅವರ ಹೆಸರಿಟ್ಟರು. ಬೇಲಿಯೈಟ್, ಸ್ವಾರ್ಟ್ಜೈಟ್ ಎಂಬ ಮೆಗ್ನೀಸಿಯಂ ಸೋದರರೂ ಅದೇ ಗಣಿಯವು. ಹುಟ್ಟುವ ಬಗೆ ಮಂಡ್ಯದ ನಾಲೆ ಬಯಲಿನವರಿಗೆ ಹೇಳಿಕೊಡಬೇಕಾಗಿಲ್ಲ. ಚೌಳು ಭೂಮಿಯಲ್ಲಿ ನೀರು ಮೇಲಕ್ಕೆ ಹೀರಿಕೊಂಡು ಬಂದು, ಬಿಸಿಲಿಗೆ ಆರಿ, ಮಣ್ಣಿನ ಮೇಲೆ ಉಪ್ಪು ಹೂ ಬಿಟ್ಟಂತೆ ಕಾಣುತ್ತದಲ್ಲ, ಗಣಿಯ ಗೋಡೆಯ ಮೇಲೆ ಆಗುವುದೂ ಅದೇ. ಬೈಕಾರ್ಬೊನೇಟ್ ಇರುವ ನೀರು ಅದಿರಿನ ಯುರೇನಿಯಂ ಕರಗಿಸಿಕೊಂಡು ಬಂದು ಗೋಡೆಯಲ್ಲಿ ಆರಿದಾಗ ಈ ಹರಳು ಉಳಿಯುತ್ತದೆ.

ಈ ಹುಟ್ಟನ್ನು ಒಪ್ಪಿಕೊಂಡರೆ ಮೊದಲ ನಿಯಮ ತಾನಾಗಿ ಬರುತ್ತದೆ: ನೀರು ತಾಗಿಸಬಾರದು. ಮಾದರಿ ಬಂದ ಕೂಡಲೇ ನಲ್ಲಿ ಕೆಳಗೆ ಹಿಡಿದು ಬ್ರಷ್ಷಿನಿಂದ ಉಜ್ಜುವ ಅಭ್ಯಾಸ ನಮ್ಮಲ್ಲಿ ಬಹಳ. ಆಟುನೈಟ್ ಅದನ್ನು ತಡೆದುಕೊಳ್ಳುತ್ತದೆ, ಆಂಡರ್ಸನೈಟ್ ತಡೆದುಕೊಳ್ಳುವುದಿಲ್ಲ. ಹರಳು ಹೋಗುವುದು ಒಂದು ನಷ್ಟ. ಕರಗಿದ ಯುರೇನಿಯಂ ಕಲ್ಲಿಗೆಲ್ಲ, ಸಿಂಕಿಗೆಲ್ಲ ಹರಡುವುದು ಅದಕ್ಕಿಂತ ಕೆಟ್ಟದ್ದು. ಒಣ ಬ್ರಷ್ ಮತ್ತು ಗಾಳಿ ಊದುವ ಬಲ್ಬನ್ನೂ ನಾನು ಬಳಸುವುದಿಲ್ಲ, ಎರಡೂ ದೂಳೆಬ್ಬಿಸುತ್ತವೆ. ಫ್ಯೂಮ್ ಹುಡ್‌ನೊಳಗೆ, ನೈಟ್ರೈಲ್ ಗ್ಲೌಸ್ ಮತ್ತು ಎನ್95 ಮಾಸ್ಕ್ ಹಾಕಿಕೊಂಡು, ಸೂಜಿಯ ತುದಿಗೆ ಎಣ್ಣೆ ಸವರಿ ಒಂದೊಂದೇ ಕಾಳು ಎತ್ತಿಕೊಳ್ಳುತ್ತೇನೆ. 0.2 ಮಿಲಿಮೀಟರಿನ ನಾಲ್ಕೈದು ಕಾಳು ಸಿಕ್ಕರೆ ದೃಗ್ವಿಜ್ಞಾನದ ಕೆಲಸಕ್ಕೆ ಧಾರಾಳ.

ಯುರೇನಿಯಂ ಪರಮಾಣು ಶಕ್ತಿ ಕಾನೂನಿಗೆ ಒಳಪಟ್ಟ ವಸ್ತು. ಸಂಸ್ಥೆಯ ವಿಕಿರಣ ಸುರಕ್ಷತೆ ನೋಡಿಕೊಳ್ಳುವವರಿಗೆ ತಿಳಿಸಿ, ದಾಖಲೆ ಮಾಡಿ ಇಟ್ಟುಕೊಳ್ಳಬೇಕು, ಮನೆಯ ಶೋಕೇಸಿಗಲ್ಲ. ಗೀಗರ್ ಕೌಂಟರ್ ಓದುವಾಗ ಒಂದು ಸೂಕ್ಷ್ಮವಿದೆ. ಇದು ಇತ್ತೀಚೆಗೆ ಬೆಳೆದ ಹರಳು, ಯುರೇನಿಯಂ ಕ್ಷಯಿಸಿ ಹುಟ್ಟುವ ರೇಡಿಯಂ ಇನ್ನೂ ಒಳಗೆ ಕೂಡಿಕೊಂಡಿರುವುದಿಲ್ಲ. ಆದ್ದರಿಂದ ಅಷ್ಟೇ ಯುರೇನಿಯಂ ಇರುವ ಹಳೆಯ ಅದಿರಾದ ಪಿಚ್‌ಬ್ಲೆಂಡಿಗಿಂತ ಎಣಿಕೆ ಕಡಿಮೆ ಬರುತ್ತದೆ. ಬರುವ ಎಣಿಕೆಯಲ್ಲಿ ಹೆಚ್ಚಿನದು ಪ್ರೊಟ್ಯಾಕ್ಟಿನಿಯಂ-234ರ ಬೀಟಾ ಕಣಗಳದು. ಅದನ್ನು ತಡೆಯಲು 10 ಮಿಲಿಮೀಟರ್ ಅಕ್ರಿಲಿಕ್ ಹಾಳೆ ಸಾಕು. ಎಣಿಕೆ ಕಡಿಮೆ ಬಂತೆಂದು ‘ಇದರಲ್ಲಿ ಯುರೇನಿಯಂ ಅಷ್ಟಿಲ್ಲ’ ಎಂದು ತೀರ್ಮಾನಿಸಬಾರದು.

ಈಗ ಪರೀಕ್ಷೆ. ಒಂದು ಕಾಳನ್ನು ಸ್ಲೈಡಿನ ಮೇಲಿಟ್ಟು, 40 ಪಟ್ಟು ಹಿಗ್ಗಿಸಿ ನೋಡುತ್ತಾ, ಶೇ 10ರ ಹೈಡ್ರೋಕ್ಲೋರಿಕ್ ಆಮ್ಲವನ್ನು ಕಡ್ಡಿಯ ತುದಿಯಿಂದ ಮುಟ್ಟಿಸಿ. ಗುಳ್ಳೆ ಬಂದರೆ ಕಾರ್ಬೊನೇಟ್. ಆಟುನೈಟ್ ಅಲ್ಲಿಗೆ ಹೊರಗೆ. ಕಲ್ಲಿನ ಮೇಲೆಯೇ ಆಮ್ಲ ಹಾಕಿದರೆ ಮರಳುಗಲ್ಲಿನ ಕ್ಯಾಲ್ಸೈಟ್ ಅಂಟೂ ಗುಳ್ಳೆ ಬಿಡುತ್ತದೆ, ಫಲಿತಾಂಶಕ್ಕೆ ಅರ್ಥವಿಲ್ಲ. ಕಾಳು ಬಿಡಿಯಾಗಿರಲೇಬೇಕು. ಇನ್ನೊಂದು ಕಾಳಿಗೆ ಡಿಸ್ಟಿಲ್ಡ್ ನೀರಿನ ಹನಿ. ಅಂಚುಗಳು ಮೊಂಡಾಗುತ್ತಾ ಕರಗುತ್ತದೆ, ಹನಿ ಆರಿದ ಮೇಲೆ ಹಳದಿ ಉಂಗುರ ಉಳಿಯುತ್ತದೆ. ಯುವಿಯಲ್ಲಿ ಆ ಉಂಗುರವೂ ಹೊಳೆಯುತ್ತದೆ.

ನನಗೆ ಅತಿ ನೆಚ್ಚಿನ ಪರೀಕ್ಷೆ ವಕ್ರೀಭವನ ಸೂಚ್ಯಂಕದ್ದು, ಎಂದರೆ ಹರಳಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬ ಅಳತೆಯದು. ಖರ್ಚಿಲ್ಲ. ಪೋಲರೈಸಿಂಗ್ ಮೈಕ್ರೋಸ್ಕೋಪಿನ ಪಕ್ಕದಲ್ಲೇ ಇರುವ 1.515ರ ಇಮ್ಮರ್ಶನ್ ಆಯಿಲ್ ಒಂದಿದ್ದರೆ ಈ ಯುರೇನೈಲ್ ಕಾರ್ಬೊನೇಟ್ ಕುಟುಂಬದ ಮುಖ್ಯ ಸದಸ್ಯರನ್ನು ಬೇರ್ಪಡಿಸಬಹುದು. ಇಂಥ ಹರಳು ಬೆಳಕನ್ನು ಎರಡು ಕಂಪನ ದಿಕ್ಕುಗಳಾಗಿ ಒಡೆಯುತ್ತದೆ, ಒಂದೊಂದು ದಿಕ್ಕಿಗೂ (ನಿಲುವಿಗೂ) ಒಂದೊಂದು ಸೂಚ್ಯಂಕ. ಆಂಡರ್ಸನೈಟ್ ಏಕಾಕ್ಷ (ಮುಖ್ಯ ಸೂಚ್ಯಂಕಗಳು ಎರಡೇ), ಧನ (ಅಕ್ಷದ ದಿಕ್ಕಿನ ಸೂಚ್ಯಂಕ ಹೆಚ್ಚು), ಸೂಚ್ಯಂಕಗಳು 1.520 ಮತ್ತು 1.540. ಕಾಳು ಹೇಗೆ ಬಿದ್ದಿದ್ದರೂ ಒಂದು ನಿಲುವಿನಲ್ಲಿ 1.520 ಕಂಡೇ ಕಾಣುತ್ತದೆ, ಇನ್ನೊಂದು ಅದಕ್ಕಿಂತ ಹೆಚ್ಚೇ. ಎಂದರೆ ಎರಡೂ ನಿಲುವಿನಲ್ಲಿ ಎಣ್ಣೆಗಿಂತ ಮೇಲೆ. ಕ್ಯಾಲ್ಸಿಯಂ ಮಾತ್ರ ಇರುವ ಲೀಬಿಗೈಟಿನವು 1.497, 1.502, 1.539. ಅದರ ಕಾಳನ್ನು ತಿರುಗಿಸುತ್ತಾ ಹೋದರೆ ಒಂದು ನಿಲುವಿನಲ್ಲಿ ಖಂಡಿತ ಎಣ್ಣೆಗಿಂತ ಕೆಳಗಿಳಿಯುತ್ತದೆ. ಬೇಲಿಯೈಟ್ 1.515 ಮುಟ್ಟುವುದೇ ಇಲ್ಲ, ಸದಾ ಕೆಳಗೆ. ಸ್ವಾರ್ಟ್ಜೈಟೂ ಒಂದು ನಿಲುವಿನಲ್ಲಿ ಕೆಳಗೆ.

ಮಾಡುವ ರೀತಿ: ಎಣ್ಣೆಯ ಹನಿಯಲ್ಲಿ ಕಾಳಿಟ್ಟು ಕವರ್ ಸ್ಲಿಪ್ ಮುಚ್ಚಿ. ಅಡ್ಡ ಪೋಲರೈಸರುಗಳ ನಡುವೆ ಕಾಳು ಪೂರ್ತಿ ಕಪ್ಪಾಗುವವರೆಗೆ ವೇದಿಕೆ ತಿರುಗಿಸಿ, ಆಮೇಲೆ ಮೇಲಿನ ಪೋಲರೈಸರ್ ಹೊರಗೆಳೆಯಿರಿ. ಬೆಳಕಿನ ದ್ವಾರ ಕಿರಿದು ಮಾಡಿ, ಲೆನ್ಸಿಗೂ ಕಾಳಿಗೂ ಇರುವ ಅಂತರ ನಿಧಾನ ಹೆಚ್ಚಿಸಿ. ಅಂಚಿನಲ್ಲಿ ಕಾಣುವ ಬೆಳಕಿನ ಗೆರೆ (ಬೆಕೆ ಗೆರೆ) ಕಾಳಿನೊಳಕ್ಕೆ ಸರಿದರೆ ಕಾಳಿನ ಸೂಚ್ಯಂಕ ಹೆಚ್ಚು, ಹೊರಕ್ಕೆ ಸರಿದರೆ ಕಡಿಮೆ. 90 ಡಿಗ್ರಿ ತಿರುಗಿಸಿ ಮತ್ತೊಮ್ಮೆ ನೋಡಿ. 1.520ರ ನಿಲುವಿನಲ್ಲಿ ಅಂಚು ಬಹಳ ಮಸುಕು, ಕಣ್ಣಿಗೆ ತಾಳ್ಮೆ ಬೇಕು. 589 ನ್ಯಾನೊಮೀಟರಿನ ಹಳದಿ ಫಿಲ್ಟರ್ ಹಾಕಿದರೆ ಬಣ್ಣದ ಅಂಚುಗಳು ಕಾಡುವುದಿಲ್ಲ. ಎಣ್ಣೆಯ ಸೂಚ್ಯಂಕ ಒಂದು ಡಿಗ್ರಿಗೆ ಸುಮಾರು 0.0004ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದಾಗ 1.511ರ ಹತ್ತಿರ ಬಂದಿರುತ್ತದೆ, ತೊಂದರೆ ಇಲ್ಲ. ಡಿಸೆಂಬರ್ ಬೆಳಿಗ್ಗೆ ಕೋಣೆ 17 ಡಿಗ್ರಿಗೆ ಇಳಿದಿದ್ದರೆ 1.518ಕ್ಕೆ ಏರಿ, 1.520ರೊಂದಿಗೆ ವ್ಯತ್ಯಾಸವೇ ಕಾಣದಂತಾಗುತ್ತದೆ. ಚಳಿಯಲ್ಲಿ ಬಿಸಿಲೇರಿದ ಮೇಲೆ ಕೂರುವುದು ಮೇಲು.

ಈ ದಾರಿಯಲ್ಲಿ ಏಮಾರಿಸುವುದು ಶ್ರೋಕಿಂಗರೈಟ್ ಎಂಬ ಇನ್ನೊಂದು ಯುರೇನೈಲ್ ಕಾರ್ಬೊನೇಟ್. ಅದು ಅಭ್ರಕದಂತೆ ಷಡ್ಭುಜ ಹಾಳೆ. ಚಪ್ಪಟೆ ಬಿದ್ದಾಗ ಎರಡೂ ನಿಲುವಿನಲ್ಲಿ 1.542 ತೋರಿಸಿ ಆಂಡರ್ಸನೈಟಿನಂತೆ ನಟಿಸುತ್ತದೆ. ಆದರೆ ಅಡ್ಡ ಪೋಲರೈಸರಿನಲ್ಲಿ ಆ ಹಾಳೆ ಹೆಚ್ಚುಕಡಿಮೆ ಕಪ್ಪಾಗಿಯೇ ಉಳಿಯುತ್ತದೆ. ಆಂಡರ್ಸನೈಟ್ ಸಕ್ಕರೆ ಕಾಳಿನಂತೆ ಘನಾಕೃತಿಗೆ ಹತ್ತಿರವಾದ ರಾಂಬೊಹೆಡ್ರನ್. ಅನುಮಾನ ಉಳಿದರೆ ಆಮ್ಲದಲ್ಲಿ ಕರಗಿಸಿ ಬೇರಿಯಂ ಕ್ಲೋರೈಡ್ ಹಾಕಿ. ಶ್ರೋಕಿಂಗರೈಟಿನಲ್ಲಿ ಸಲ್ಫೇಟ್ ಇರುವುದರಿಂದ ಬಿಳಿ ಗಸಿ ಬರುತ್ತದೆ. ಪಕ್ಕದಲ್ಲಿ ಜಿಪ್ಸಮ್ ಅಂಟಿದ್ದರೆ ಅದೂ ಬಿಳಿ ಗಸಿ ಕೊಡುತ್ತದೆ, ಕಾಳು ಆರಿಸುವಾಗಲೇ ನೋಡಿಕೊಳ್ಳಿ.

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಇಡಿಎಸ್ ವಿಶ್ಲೇಷಣೆಯನ್ನು (ಹೊರಬರುವ ಎಕ್ಸ್‌ರೇಗಳ ಶಕ್ತಿಯಿಂದ ಧಾತುಗಳನ್ನು ಗುರುತಿಸುವುದು) ಕಣ್ಣು ಮುಚ್ಚಿ ನಂಬಬಾರದು. ಯುರೇನಿಯಂನ ಎಂ-ಬೀಟಾ ಗೆರೆ 3.34 ಕಿಲೋ ಎಲೆಕ್ಟ್ರಾನ್‌ವೋಲ್ಟ್, ಪೊಟ್ಯಾಸಿಯಂನ ಕೆ-ಆಲ್ಫಾ 3.31. ತಂತ್ರಾಂಶ ತಾನಾಗಿ ‘ಪೊಟ್ಯಾಸಿಯಂ’ ಎಂದು ಹೆಸರಿಟ್ಟುಬಿಡುತ್ತದೆ. ಪೊಟ್ಯಾಸಿಯಂ, ಸೋಡಿಯಂ, ಯುರೇನೈಲ್ ಕಾರ್ಬೊನೇಟ್ ಎಂದ ಕೂಡಲೇ ಗ್ರಿಮ್ಸೆಲೈಟ್ ಎಂಬ ಬೇರೊಂದು ಖನಿಜದ ಹೆಸರು ಪಟ್ಟಿಯಲ್ಲಿ ಬರುತ್ತದೆ. ಅದರ ಒಂದು ಸೂಚ್ಯಂಕ 1.60, ಎಣ್ಣೆಯಲ್ಲಿ ಕಪ್ಪು ಅಂಚು ಎದ್ದು ಕಾಣುತ್ತದೆ. ನಮ್ಮ ಕಾಳಿನಲ್ಲಿ ಅದಿರಲಿಲ್ಲ. ಇನ್ನೊಂದು ಕಡೆ ಸೋಡಿಯಂ ಕಿರಣದ ಕೆಳಗಿಂದ ಓಡಿಹೋಗುತ್ತದೆ, ನಿರ್ವಾತದಲ್ಲಿ ನೀರು ಹೋಗಿ ಹರಳು ಬಿರುಕು ಬಿಡುತ್ತದೆ. 15 ಕಿಲೋವೋಲ್ಟ್, ಕಡಿಮೆ ಪ್ರವಾಹ, ಕಿರಣವನ್ನು 10 ಮೈಕ್ರಾನಿಗೆ ಹರಡಿ, ಮೊದಲ ಓದನ್ನೇ ಹಿಡಿಯಿರಿ. ಸೋಡಿಯಂ, ಕ್ಯಾಲ್ಸಿಯಂ, ಯುರೇನಿಯಂ ಪರಮಾಣುಗಳು 2:1:1 ಬರಬೇಕು. ಸೋಡಿಯಂ ಕಡಿಮೆ ಬಂದರೆ ಗಾಬರಿ ಬೇಡ, ಪೂರ್ತಿ ಇಲ್ಲದಿದ್ದರೆ ಮಾತ್ರ ಲೀಬಿಗೈಟ್ ಕಡೆ ಯೋಚಿಸಿ.

ಎಕ್ಸ್‌ರೇ ಡಿಫ್ರಾಕ್ಷನ್ನಿನಲ್ಲಿ (ಹರಳಿನ ಪರಮಾಣು ಪದರಗಳ ಅಂತರ ಅಳೆಯುವ ಪರೀಕ್ಷೆ) ಮುಖ್ಯ ಎಚ್ಚರ ಒಂದು. ಯಂತ್ರದ ರೂಢಿಯ ಸ್ಕ್ಯಾನ್ 10 ಡಿಗ್ರಿಯಿಂದ ಶುರುವಾಗುತ್ತದೆ. ಆಂಡರ್ಸನೈಟಿನ ಪ್ರಬಲ ಗೆರೆಗಳಲ್ಲಿ ಒಂದು 13 ಆಂಗ್‌ಸ್ಟ್ರಮ್‌ನದು, ತಾಮ್ರದ ವಿಕಿರಣದಲ್ಲಿ 6.8 ಡಿಗ್ರಿಗೇ ಬಂದು ಹೋಗಿರುತ್ತದೆ. 5 ಡಿಗ್ರಿಯಿಂದ ಆರಂಭಿಸಿ. ಮುಂದಿನ ದೊಡ್ಡ ಗೆರೆ 11.1ರ ಬಳಿ, 7.95 ಆಂಗ್‌ಸ್ಟ್ರಮ್. ಪುಡಿಯನ್ನು ಬಲವಾಗಿ ಅರೆಯಬೇಡಿ, ಬಿಸಿಗೆ ನೀರು ಕಳೆದುಕೊಂಡು ಗೆರೆಗಳು ಅಗಲವಾಗುತ್ತವೆ. ರಾಮನ್ ಪರೀಕ್ಷೆ (ಲೇಸರ್ ಬೆಳಕು ಚದುರುವ ಬಗೆಯಿಂದ ಗುರುತಿಸುವುದು) ಮಾಡುವವರು 785 ನ್ಯಾನೊಮೀಟರ್ ಲೇಸರನ್ನು ಅತಿ ಕಡಿಮೆ ಶಕ್ತಿಯಲ್ಲಿ ಬಳಸಿ. ಪ್ರತಿ ಸೆಂಟಿಮೀಟರಿಗೆ 830ರ ಸುಮಾರಿಗೆ ಯುರೇನೈಲ್, 1080–1090ರ ಬಳಿ ಕಾರ್ಬೊನೇಟ್ ಸಿಗುತ್ತದೆ.

ವರ್ಗೀಕರಣ ಇಷ್ಟರ ಮೇಲೆ ಕಷ್ಟವಲ್ಲ. ಖನಿಜಗಳನ್ನು ವಿಂಗಡಿಸುವ ಸ್ಟ್ರುಂಜ್ ಪದ್ಧತಿ ಇಲ್ಲಿ ಯುರೇನೈಲ್ ಮತ್ತು ಕಾರ್ಬೊನೇಟಿನ ಅನುಪಾತ ನೋಡುತ್ತದೆ. ರದರ್‌ಫೋರ್ಡಿನ್ 1:1, ಜೆಲರೈಟ್ 1:2, ನಮ್ಮದು 1:3. ಆದ್ದರಿಂದ ಗುಂಪು 5.ಇಡಿ, ಸಂಖ್ಯೆ 5.ಇಡಿ.30, ಲೀಬಿಗೈಟ್, ಬೇಲಿಯೈಟ್, ಸ್ವಾರ್ಟ್ಜೈಟ್, ಗ್ರಿಮ್ಸೆಲೈಟ್ ಎಲ್ಲ ಇದೇ ಮನೆಯವು. ಈ ಅನುಪಾತದ ಹಿಂದೆ ರಚನೆಯಿದೆ. ಯುರೇನಿಯಂನ ಮೇಲೆ ಕೆಳಗೆ ಒಂದೊಂದು ಆಮ್ಲಜನಕ, ಸೊಂಟದ ಸುತ್ತ ಆರು. ಆ ಆರನ್ನು ಮೂರು ಕಾರ್ಬೊನೇಟ್ ತ್ರಿಕೋನಗಳು ಎರಡೆರಡಾಗಿ ಹಿಡಿದಿವೆ. ಜಾಗ ಭರ್ತಿಯಾದ ಕಾರಣ ಈ ಗೊಂಚಲು ಇನ್ನೊಂದು ಗೊಂಚಲಿಗೆ ನೇರವಾಗಿ ಕೈಜೋಡಿಸಲಾಗದು. ನಡುವೆ ಸೋಡಿಯಂ, ಕ್ಯಾಲ್ಸಿಯಂ ಮತ್ತು ನೀರು ಸೇರಿ ಕಟ್ಟಿಹಿಡಿಯಬೇಕು. ನೀರಿನಲ್ಲಿ ಕರಗುವುದು, 2.5ರಷ್ಟು ಮಾತ್ರ ಕಾಠಿಣ್ಯ, 2.8ರಷ್ಟು ಮಾತ್ರ ಸಾಂದ್ರತೆ, ಎಲ್ಲದರ ಬೇರು ಅಲ್ಲೇ. ಫಾಸ್ಫೇಟಿನ ಜೊತೆ ಹಾಳೆ ಕಟ್ಟುವ ಆಟುನೈಟ್ ನೀರಿಗೆ ಜಗ್ಗದಿರುವುದಕ್ಕೂ ಕಾರಣ ಈ ವ್ಯತ್ಯಾಸವೇ.

ಇಡುವುದಕ್ಕೆ ಸಿಲಿಕಾ ಜೆಲ್ ಹಾಕಬೇಡಿ, ಹರಳಿನ ನೀರನ್ನೇ ಎಳೆಯುತ್ತದೆ. ಆಷಾಢದ ತೇವವೂ ಬೇಡ. ಮೆಗ್ನೀಸಿಯಂ ನೈಟ್ರೇಟಿನ ಸಂತೃಪ್ತ ದ್ರಾವಣದ ಪುಟ್ಟ ಬಟ್ಟಲು ಡಬ್ಬಿಯಲ್ಲಿಟ್ಟರೆ ತೇವ ಶೇ 53ರ ಬಳಿ ನಿಲ್ಲುತ್ತದೆ. ಪ್ಲೈವುಡ್ ಬೀರುವಿನಲ್ಲಿ ಬೇಡ, ಅದರಿಂದ ಏಳುವ ಆಮ್ಲದ ಆವಿ ಕಾರ್ಬೊನೇಟನ್ನು ತಿನ್ನುತ್ತದೆ. ಉಕ್ಕಿನ ಬೀರು ಸರಿ. ಡಬ್ಬಿಯನ್ನು ತೆರೆಯುವುದು ಫ್ಯೂಮ್ ಹುಡ್‌ನೊಳಗೆ ಮಾತ್ರ. ಹಳೆಯ ಚೀಟಿಯನ್ನು ಎಸೆದಿಲ್ಲ. ಹೊಸ ಚೀಟಿಯಲ್ಲಿ ಹೆಸರಿನ ಕೆಳಗೆ ಆಮ್ಲ, ನೀರು, 1.515ರ ಎಣ್ಣೆ, 6.8 ಡಿಗ್ರಿಯ ಗೆರೆ ಇಷ್ಟನ್ನೂ ಬರೆದು ಎರಡನ್ನೂ ಒಂದೇ ಕವರಿನಲ್ಲಿಟ್ಟಿದೆ.